ಶಾಸನದ ಮುಂದೆ ಹೇಳಿದ ಹೆಸರು

“ಏ ಯಜಮಾನ್ರ, ಇಲ್ಲಿ ಕುರಿ ಬಿಡಬ್ಯಾಡ್ರಿ! ಇದು ಯಾರ ಜಾಗ ಗೊತ್ತೈತೇನು?”

ದಾನೇಶ್ವರಿ ಅವನಿಗೆ ಆಡಿದ ಮೊದಲ ಮಾತು ಇದು. ಮಸ್ಕಿಯ ಗುಡ್ಡದಲ್ಲಿ, ಅಶೋಕನ ಶಾಸನವಿರುವ ಬಂಡೆಯ ಗೇಟಿನ ಮುಂದೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೈಲು ಹಿಡಿದು ಅವಳು ನಿಂತಿದ್ದಳು. ಎದುರಿಗೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡವನೊಬ್ಬ ಏಳೆಂಟು ಕುರಿಗಳನ್ನು ಒಂದೆಡೆ ಸೇರಿಸಲು ಒದ್ದಾಡುತ್ತಿದ್ದ.

“ಅಶೋಕಂದು ರೀ,” ಎಂದ ಕಂಬಳಿಯವನು. “ಪ್ರಾಣಿಗೆ ಹಿಂಸಾ ಮಾಡಬ್ಯಾಡ್ರಿ ಅಂದಾನ. ಕುರಿ ಬರಬ್ಯಾಡ ಅಂತ ಎಲ್ಲೂ ಬರಸಿಲ್ಲ. ನಾ ಎಲ್ಲಾ ಓದೀನಿ.”

ಇಷ್ಟು ಹೇಳಿ ಕಂಬಳಿಯೊಳಗಿಂದ ಕೀಲಿಕೈ ತೆಗೆದು ಗೇಟಿನ ಬೀಗ ತೆರೆದ. ದಾನೇಶ್ವರಿಯ ಮುಖ ಕೆಂಪಗಾಯಿತು. ಅಲ್ಲಿ ಗುತ್ತಿಗೆಯ ಮೇಲೆ ಕಾವಲುಗಾರನೂ ಗೈಡೂ ಎರಡೂ ಆಗಿದ್ದವನು ಇವನೇ, ಬೀರಲಿಂಗ. ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡಿದ್ದ. ಅವತ್ತು ಅವನಿಗೆ ವಾರದ ರಜೆ. ಅಪ್ಪನಿಗೆ ಜ್ವರವೆಂದು ಕುರಿ ಹೊಡೆದುಕೊಂಡು ಬಂದಿದ್ದ. ಇವಳು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಅತಿಥಿ ಶಿಕ್ಷಕಿ. ಹತ್ತನೆಯ ತರಗತಿಯ ಮಕ್ಕಳಿಗಾಗಿ ಸುತ್ತಲಿನ ಕೋಟೆ, ಶಾಸನಗಳ ಮೇಲೆ ಒಂದು ಪುಟ್ಟ ಪುಸ್ತಕ ಮಾಡಲು ಹೊರಟಿದ್ದಳು.

ಈ ಕಥೆಯಲ್ಲಿ ಕೊನೆಗೆ ಒಳ್ಳೆಯದಾಗುತ್ತದೆಂದು ಕಾಯುವವರು ಇಲ್ಲಿಗೇ ಎದ್ದು ಹೋಗಬಹುದು. ನಾನಂತೂ ಸುಳ್ಳು ಹೇಳಲಾರೆ. ಆದರೆ ಆ ಬೆಳಿಗ್ಗೆ ಮಾತ್ರ ಬಹಳ ಚೆನ್ನಾಗಿತ್ತು.

ಗೇಟಿನ ಪಕ್ಕದಲ್ಲಿ ದಪ್ಪನೆಯ ವಿಸಿಟರ್ಸ್ ಬುಕ್ ಇತ್ತು. ಬಂದವರೆಲ್ಲ ಅದರಲ್ಲಿ ಹೆಸರು ಬರೆಯಬೇಕು. ದಾನೇಶ್ವರಿ ತನ್ನ ಹೆಸರು ಬರೆದು, ಪೆನ್ನನ್ನು ಕೆಳಗಿಡದೆ ಕೇಳಿದಳು.

“ನಿಮ್ಮ ಹೆಸರೇನ್ರಿ?”

“ಬೀರಲಿಂಗ.”

“ಬೀರಲಿಂಗ ಸರ್, ಮಾಫ್ ಮಾಡ್ರಿ. ಕಂಬಳಿ ನೋಡಿ ತಪ್ಪು ತಿಳಕೊಂಡೆ.”

“ಕಂಬಳಿ ನಮ್ಮಪ್ಪಂದು ರೀ, ತಪ್ಪು ನಿಮ್ಮದಲ್ಲ,” ಎಂದು ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುವುದನ್ನು ಅವಳು ಕಂಡಳು. ಕಂಡೂ ಕಾಣದವಳ ಹಾಗೆ ಬಂಡೆಯ ಕಡೆ ತಿರುಗಿದಳು.

ಶಾಸನದ ಮುಂದೆ ನಿಂತರೆ ಬೀರಲಿಂಗನ ದನಿಯೇ ಬೇರೆಯಾಗುತ್ತಿತ್ತು. “ಇಲ್ಲಿ ನೋಡ್ರಿ. ಅಲ್ಲೀತನಕ ಬ್ಯಾರೆ ಕಡೆ ಸಿಕ್ಕ ಕಲ್ಲಿನ್ಯಾಗ ರಾಜನ ಹೆಸರು ಇರಲಿಲ್ಲ. ದೇವರಿಗೆ ಪ್ರಿಯನಾದವ ಅಂತ ಅಷ್ಟ. ಆ ಪ್ರಿಯನಾದವ ಅಶೋಕನ ಅಂತ ಪಕ್ಕಾ ಆಗಿದ್ದು ಈ ಕಲ್ಲು ಸಿಕ್ಕಮ್ಯಾಲೆ. ಇಲ್ಲಿ ಹೆಸರು ಐತಿ.”

“ಹಂಗಾದ್ರ ಬ್ಯಾರೆ ಕಡೆ ಹೆಸರು ಯಾಕ ಹಾಕಲಿಲ್ಲ ಬೀರಲಿಂಗ ಸರ್?”

ಯಾರೂ ಅವನಿಗೆ ಈ ಪ್ರಶ್ನೆ ಕೇಳಿರಲಿಲ್ಲ. ತಲೆ ಕೆರೆದುಕೊಂಡ. “ನಮ್ಮವ್ವ ನಮ್ಮಪ್ಪನ ಹೆಸರು ಹೇಳ್ತಾಳೇನು? ಹಂಗ ಅಂತ ತಿಳ್ಕೋರಿ.”

ದಾನೇಶ್ವರಿ ಬಾಯಿಗೆ ಫೈಲು ಅಡ್ಡ ಹಿಡಿದುಕೊಂಡು ನಕ್ಕಳು. ಅವನು ಹೇಳಿದ್ದು ಬರೀ ತಮಾಷೆಯಲ್ಲ. ಗಂಡ ಹೆಂಡತಿ ಕೂಡಿ ಬಂದರೆ ಆ ಪುಸ್ತಕದಲ್ಲಿ ಬರೆಸುವುದೇ ಒಂದು ಫಜೀತಿ. ಯಜಮಾನರ ಹೆಸರೇನು ಎಂದರೆ ಹೆಂಗಸರು ಸೆರಗು ಕಚ್ಚಿಕೊಂಡು, ಅವರನ್ನ ಕೇಳ್ರಿ ಎನ್ನುತ್ತಿದ್ದರು. ಮದುವೆಯಲ್ಲಿ ನಾಲ್ಕು ಮಂದಿ ಕಾಡಿದಾಗ ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಒಮ್ಮೆ ಹೇಳಿದರೆ ಮುಗಿಯಿತು. ಆಮೇಲೆ ಆ ಹೆಸರು ಬಾಯಿಗೆ ಬರುವುದಿಲ್ಲ.

ಅವತ್ತು ಅವಳು ಅವನ ಹೆಸರನ್ನು ನಾಲ್ಕು ಸಲ ಹೇಳಿದ್ದಳು. ಇದನ್ನು ಅವನು ಎಣಿಸಿದ್ದು ಬಹಳ ದಿನಗಳ ಮೇಲೆ, ಎಣಿಸಲಿಕ್ಕೆ ಬೇರೇನೂ ಉಳಿಯದಿದ್ದಾಗ.

ಪುಸ್ತಕದ ನೆಪ ದೊಡ್ಡದು. ದಸರಾ ರಜೆಯಲ್ಲಿ ಮುದಗಲ್ ಕೋಟೆಗೆ ಹೋದರು. ಅವಳು ಸಿಂಧನೂರಿನಿಂದ ಹತ್ತಿದ ಬಸ್ಸನ್ನೇ ಅವನು ಮಸ್ಕಿಯಲ್ಲಿ ಹತ್ತಿ, ಲಿಂಗಸೂಗೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು. ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಅವಳ ಜಡೆಯ ತುದಿ ಸೀಟಿನ ಹಿಂದೆ ಇಳಿಬಿದ್ದು ತೂಗುತ್ತಿತ್ತು. ಮೂರು ಸಾಲು ಹಿಂದೆ ಕೂತ ಬೀರಲಿಂಗ ಕಿಟಕಿಯಾಚೆ ನೋಡುತ್ತಿದ್ದೇನೆಂದು ತನಗೆ ತಾನೇ ಹೇಳಿಕೊಳ್ಳುತ್ತ ಆ ಜಡೆಯನ್ನೇ ನೋಡುತ್ತಿದ್ದ.

ಕೋಟೆಯ ಬಾಗಿಲ ಹತ್ತಿರ ಹುಸೇನ್‌ಸಾಬ್ ಎಂಬ ಮುದುಕನ ಚಹಾದಂಗಡಿ ಇತ್ತು. ಅವನು ಎರಡು ಕಪ್ಪು ಚಹಾ ಕೊಟ್ಟು, “ಏನ್ ಬೇಟಾ, ಹೊಸಾ ಜೋಡಿ ಏನು?” ಎಂದುಬಿಟ್ಟ.

“ಅಲ್ರೀ ಚಾಚಾ!” ಇಬ್ಬರೂ ಒಟ್ಟಿಗೇ ಅಂದರು. ಒಟ್ಟಿಗೇ ಅಂದದ್ದಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾನೇಶ್ವರಿ ಚಹಾ ಊದುತ್ತ ಕಪ್ಪಿನ ಅಂಚಿನ ಮೇಲಿಂದ ಅವನನ್ನೊಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು. ಅಬ್ಬಾ, ಅಷ್ಟಕ್ಕೇ ಹುಡುಗನ ನಾಲಿಗೆ ಸುಟ್ಟುಹೋಯಿತು.

ಆಮೇಲೆ ಜಲದುರ್ಗ. ಕೋಟೆಗೋಡೆಯ ಮೇಲಿಂದ ಕೆಳಗೆ ನೋಡಿದರೆ ಕೃಷ್ಣೆ ಎರಡಾಗಿ ಸುತ್ತಿ ಹರಿಯುತ್ತಿದ್ದಳು. ಅವಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ.

“ಇಲ್ನೋಡ್ರಿ, ಮೊದಲು ಊಟ ಮಾಡ್ರಿ. ಫೋಟೋ ಎಲ್ಲೂ ಓಡಿ ಹೋಗಂಗಿಲ್ಲ.”

ಬೀರಲಿಂಗ ಕೊನೆಗೂ ಕೇಳಿದ. “ಅಲ್ರೀ ಟೀಚರ್, ಮುದಗಲ್‌ನಾಗೂ ಕೇಳಬೇಕಂತಿದ್ದೆ. ಈಗೀಗ ನನ್ನ ಹೆಸರು ಹೇಳೋದ ಬಿಟ್ಟೀರಿ. ಇಲ್ನೋಡ್ರಿ, ಅಲ್ನೋಡ್ರಿ, ರೀ, ಇಷ್ಟ. ಸಿಟ್ಟೇನು?”

“ಇಲ್ಲ.”

“ಹಂಗಾದ್ರ ಒಂದ್ಸಲ ಹೇಳ್ರಿ.”

ಅವಳು ರೊಟ್ಟಿ ಮುರಿದಳು. ಮುರಿದ ತುಂಡನ್ನೇ ಮತ್ತೆ ಮುರಿದಳು. ಕಿವಿಯ ಬುಡದವರೆಗೆ ಕೆಂಪೇರಿತು. ನದಿಯ ಕಡೆ ನೋಡುತ್ತ, ಅವನಿಗೆ ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಅಂದಳು:

“ನಿಮ್ಮವ್ವ ನಿಮ್ಮಪ್ಪನ ಹೆಸರು ಹೇಳ್ತಾಳೇನು?”

ಬೀರಲಿಂಗನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಐ ಲವ್ ಯೂ ಅನ್ನುವುದನ್ನು ಅವನು ಸಿನಿಮಾದಲ್ಲಿ ನೂರು ಸಲ ಕೇಳಿದ್ದ; ಅದು ಇಷ್ಟು ದೊಡ್ಡ ಮಾತೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಕಣ್ಣು ತುಂಬಿ ಬಂತು. ಹಿಂಡಿ ಖಾರ ಐತ್ರಿ ಎಂದು ಸುಳ್ಳು ಹೇಳಿದ.

ಇಷ್ಟೇ ಅವರ ಸುಖ. ಒಂದು ಕಲ್ಲು, ಎರಡು ಕೋಟೆ, ಒಂದು ಬುತ್ತಿ.

ಪುಸ್ತಕ ಅಚ್ಚಾಗಿ ಬಂತು. ದಾನೇಶ್ವರಿ ಖುಷಿಯಿಂದ ಮನೆಗೆ ಒಂದು ಪ್ರತಿ ಒಯ್ದಳು. ಅವಳ ತಾಯಿ ಜಂಬಮ್ಮ ಕನ್ನಡಕ ಹಾಕಿಕೊಂಡು ಪುಟ ತಿರುವಿದಳು.

“ಫೋಟೋ ಚೊಲೋ ಬಂದಾವ. ಯಾರು ತೆಗೆದಾರವ್ವಾ?”

“ಅವರು... ಮಸ್ಕಿಯವರು.”

“ಮಸ್ಕಿಯವರು ಅಂದ್ರ?”

“ಅಲ್ಲಿ ಶಾಸನ ತೋರಸ್ತಾರಲ್ಲ, ಅವರು.”

“ಅವರಿಗೆ ಹೆಸರಿಲ್ಲೇನು?”

ದಾನೇಶ್ವರಿ ಬಾಯಿ ತೆರೆದಳು, ಮುಚ್ಚಿದಳು. ಸುಳ್ಳು ಹೆಸರಾದರೂ ಹೇಳಬಾರದಿತ್ತೇ? ಹೊಳೆಯಲಿಲ್ಲ ಪಾಪ. ಮೂವತ್ತು ವರ್ಷದಿಂದ ಗಂಡನ ಹೆಸರು ಬಾಯಲ್ಲಿ ತರದ ಜಂಬಮ್ಮನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ಅವತ್ತು ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ.

ಇದನ್ನೆಲ್ಲ ಅವಳು ಮರುದಿನ ಸ್ಕೂಲಿನಿಂದ ಫೋನ್ ಮಾಡಿ ಅಳುತ್ತ ಹೇಳಿದಳು. ಬೀರಲಿಂಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿಂಧನೂರಿನ ಬಸ್ಸು ಹತ್ತಿದ. ಅವಳಪ್ಪ ಆದೆಪ್ಪನದು ಬೀಜ ಗೊಬ್ಬರದ ದೊಡ್ಡ ಅಂಗಡಿ, ಕಾಲುವೆ ನೀರಿನ ಗದ್ದೆ, ಊರಲ್ಲಿ ಹೆಸರುವಾಸಿಯಾದ ಲಿಂಗಾಯತ ಮನೆತನ. ಇವನು ಕುರುಬರ ಹುಡುಗ, ಗುತ್ತಿಗೆ ಕೆಲಸದವನು. ಆದೆಪ್ಪ ಬೈಯುತ್ತಾನೆ, ಹೊಡೆಸುತ್ತಾನೆ ಎಂದೇ ಅವನು ಹೋಗಿದ್ದ. ಆದೆಪ್ಪ ಚಹಾ ತರಿಸಿದ.

“ಕುಡಿ ತಮ್ಮಾ. ನಾ ಬೈಯಂಗಿಲ್ಲ. ನೀ ಚೊಲೋ ಮನಷ್ಯಾ ಅದೀ ಅಂತ ಕೇಳೀನಿ. ಆದ್ರ ನಮ್ಮ ಮಂದಿ ಇದನ್ನ ಒಪ್ಪಂಗಿಲ್ಲ. ಹಿಂದ ಇನ್ನೊಬ್ಬಾಕಿ ಮಗಳದಾಳ, ಅಂಜಲಿ. ನಾಳೆ ಆಕೀನ ಯಾರು ಕೇಳಬೇಕು?”

“ನಾ ಏನು ಕಡಿಮಿ ಮಾಡಂಗಿಲ್ರಿ ಆಕಿಗೆ,” ಎಂದ ಬೀರಲಿಂಗ.

ಆದೆಪ್ಪ ಕಪ್ಪು ಪಕ್ಕಕ್ಕೆ ಸರಿಸಿದ. “ನೋಡು ತಮ್ಮಾ, ಮನಸಿನ್ಯಾಗ ಒಬ್ಬನ್ನ ಇಟ್ಕೊಂಡಾಕೀನ ಇನ್ನೊಬ್ಬರ ಮನಿಗೆ ಕಳಸಾಕ ನನಗೂ ಆಗಂಗಿಲ್ಲ. ಹತ್ತು ಮಂದ್ಯಾಗ ಆಕಿ ನಿನ್ನ ಹೆಸರು ಬಾಯಿ ತುಂಬ ಹೇಳಲಿ, ಎಲ್ಲಾರ ಹೆಸರು ಹೇಳಿದಂಗ. ಅವತ್ತ ಆಕಿ ಲಗ್ನ ಬ್ಯಾರೆ ಕಡೆ ಗೊತ್ತು ಮಾಡ್ತೀನಿ. ಅಲ್ಲೀತನಕ ಮಾಡಂಗಿಲ್ಲ. ಇದು ನನ್ನ ಮಾತು.”

“ಆಕಿ ಹೇಳಂಗಿಲ್ರಿ.”

“ಹೇಳ್ತಾಳ ತಮ್ಮಾ. ಹೊತ್ತು ಹಿಡಿತೈತಿ. ಹೇಳ್ತಾಳ.”

ಹುಚ್ಚ, ಖುಷಿಯಿಂದ ಅಂಗಡಿಯ ಮೆಟ್ಟಿಲಿಳಿದ! ದೇವರ ವರ ಸಿಕ್ಕವನ ಹಾಗೆ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದ. ಅವಳು ಹೆಸರು ಹೇಳದಿದ್ದರೆ ಸಾಕು, ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಮುದುಕ ಕರಗಿಯೇ ಕರಗುತ್ತಾನೆ ಎಂದು ನಂಬಿದ.

ಎಂಟು ತಿಂಗಳು ಹೀಗೇ ಹೋಯಿತು. ಅವಳು ಮಸ್ಕಿಗೆ ಬರುವಂತಿರಲಿಲ್ಲ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಹಿಂದಿನಿಂದ ಐದು ನಿಮಿಷ ಫೋನು.

“ಯಾರ ಕೂಡ ಮಾತಾಡಾಕತ್ತೀರಿ ಟೀಚರ್?”

“ನಿಮ್ಮ ಕೂಡ.”

“ನಿಮ್ಮ ಅಂದ್ರ ಯಾರು?”

“ಸುಮ್ನಿರ್ರಿ,” ಎನ್ನುತ್ತಿದ್ದಳು. ಆ ಒಂದು ಸುಮ್ನಿರ್ರಿ ಕೇಳಿದರೆ ಅವನಿಗೆ ಆ ದಿನ ಹೊಟ್ಟೆ ತುಂಬುತ್ತಿತ್ತು.

ಆಮೇಲೆ ಅಂಜಲಿಗೆ ಒಳ್ಳೆಯ ಮನೆತನ ಬಂತು. ಹುಡುಗನನ್ನು ಅಂಜಲಿ ಬಹಳ ಮೆಚ್ಚಿದ್ದಳು. ಆ ಮನೆಯವರು ಅಕ್ಕನ ಮದುವೆ ಮೊದಲಾಗಲಿ ಎಂದು ಆರು ತಿಂಗಳು ಕಾದರು, ಇನ್ನು ಕಾಯುವುದಿಲ್ಲ ಎಂದರು. ದಾನೇಶ್ವರಿಯ ದನಿ ಫೋನಿನಲ್ಲಿ ದಿನದಿನಕ್ಕೆ ಸಣ್ಣಗಾಗುತ್ತ ಬಂತು.

“ರಿಜಿಸ್ಟರ್ ಆಫೀಸಿಗೆ ಹೋಗೂಣು ಬರ್ರಿ,” ಎಂದ ಬೀರಲಿಂಗ. “ನಾ ಎಲ್ಲಾ ವಿಚಾರಿಸೀನಿ.”

“ನಾ ಹಂಗ ಬಂದ್ರ ಅಂಜಲಿ ಕಥಿ ಅಲ್ಲಿಗೇ ಮುಗೀತು. ಆಕಿ ನನ್ನ ಕೂಡ ಮಾತು ಬಿಟ್ಟು ಇಪ್ಪತ್ನಾಕು ದಿನ ಆತು. ಒಂದ ಹಾಸಿಗ್ಯಾಗ ಮಲಗ್ತೀವಿ. ಗ್ವಾಡಿ ಕಡಿ ಮಕಾ ಮಾಡ್ತಾಳ.”

ಒಂದು ಬುಧವಾರ ಮತ್ತೆ ಫೋನು ಬಂತು. ಅವತ್ತು ಅವಳು ಅಳಲಿಲ್ಲ. ಅಳದಿದ್ದುದಕ್ಕೇ ಅವನಿಗೆ ಹೆದರಿಕೆಯಾಯಿತು.

“ಶುಕ್ರವಾರ ಮಸ್ಕಿ ಮಲ್ಲಯ್ಯನ ಗುಡಿಗೆ ಬರಾಕತ್ತೀವಿ. ಲಿಂಗಸೂಗೂರಿನವರು ನನ್ನ ನೋಡಾಕ ಬರ್ತಾರ. ಎರಡೂ ಕಡಿಯವರಿಗೆ ನಡು ಆಕೈತಿ ಅಂತ ಅಲ್ಲಿ ಗೊತ್ತು ಮಾಡ್ಯಾರ.”

ಅವನು ಫೋನನ್ನು ಇನ್ನೊಂದು ಕಿವಿಗೆ ಹಿಡಿದ.

“ಶಾಸನ ನೋಡೂಣು ಅಂತಾನಂತ ಆ ಹುಡುಗ. ನನಗ ಹಿಸ್ಟರಿ ಅಂದ್ರ ಜೀವ ಅಂತ ಯಾರೋ ಹೇಳ್ಯಾರ. ನಿಮಗ ಕೈ ಮುಗಿತೀನಿ, ಅವತ್ತ ರಜಾ ಹಾಕ್ರಿ. ನೀವು ಅಲ್ಲಿ ಇರಬ್ಯಾಡ್ರಿ.”

“ಯಾಕ?”

“ಇರಬ್ಯಾಡ್ರಿ ಅಂದ್ರ ಇರಬ್ಯಾಡ್ರಿ,” ಎಂದು ಫೋನ್ ಇಟ್ಟಳು.

ಅವನು ರಜೆ ಹಾಕಿದ್ದರೆ? ಈ ಪ್ರಶ್ನೆಯನ್ನು ಬೀರಲಿಂಗ ಆಮೇಲೆ ಎಷ್ಟು ಸಲ ಕೇಳಿಕೊಂಡನೋ ಲೆಕ್ಕವಿಲ್ಲ. ಅವಳು ದಾರಿ ತೋರಿಸಿದ್ದಳು. ಅವನಿಲ್ಲದಿದ್ದರೆ ಯಾರೂ ಅವನ ಹೆಸರು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ, ಆದೆಪ್ಪನ ಮಾತು ಹಾಗೇ ನಿಲ್ಲುತ್ತಿತ್ತು. ಆದರೆ ಅವನ ತಲೆಯಲ್ಲಿ ಓಡಿದ್ದು ಬೇರೆ. ನನ್ನ ಎದುರಿಗೆ, ಅಪ್ಪ ಅವ್ವನ ಎದುರಿಗೆ, ಅವಳ ಬಾಯಿಂದ ಹೆಸರು ಬರುವುದೇ ಇಲ್ಲ. ಅಲ್ಲೇ ಎಲ್ಲರಿಗೂ ಗೊತ್ತಾಗಲಿ, ಅಲ್ಲೇ ಈ ಸಂಬಂಧ ಮುರಿದು ಬೀಳಲಿ ಎಂದುಕೊಂಡ. ಶುಕ್ರವಾರ ಬೆಳಿಗ್ಗೆ ಗಡ್ಡ ಬೋಳಿಸಿ, ಆ ಇಸ್ತ್ರಿ ಅಂಗಿಯನ್ನೇ ಹಾಕಿಕೊಂಡು ಗೇಟು ತೆರೆದು ಕೂತ.

ಹನ್ನೊಂದರ ಸುಮಾರಿಗೆ ಎರಡು ಕಾರು ಬಂದವು. ಮುಂದೆ ಹುಡುಗ ಸಂಗನಬಸವ, ಅವನ ಅಣ್ಣನ ಹೆಂಡತಿ ಅಮರೇಶ್ವರಿ, ಹಿಂದೆ ಜಂಬಮ್ಮ, ಎಲ್ಲರಿಗಿಂತ ಹಿಂದೆ ಆದೆಪ್ಪ. ನಡುವೆ ಹಸಿರು ರೇಷ್ಮೆ ಸೀರೆಯಲ್ಲಿ ಅವಳು. ಎಷ್ಟು ಇಳಿದುಹೋಗಿದ್ದಳೆಂದರೆ ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ಗೇಟಿನಲ್ಲಿ ಅವನನ್ನು ಕಂಡದ್ದೇ ಅವಳ ಹೆಜ್ಜೆ ನಿಂತಿತು. ಯಾಕ ಬಂದ್ರಿ ಎಂದು ಕಣ್ಣಲ್ಲೇ ಕೇಳಿದಳು. ಅವನು ಕಣ್ಣು ತಪ್ಪಿಸಿದ.

ಸಂಗನಬಸವ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೀರಲಿಂಗನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಶಾಸನದ ಬಗ್ಗೆ ಹೇಳಿದ್ದನ್ನೆಲ್ಲ ಅವನು ಕೈಕಟ್ಟಿ ನಿಂತು ಕೇಳಿದ. ದೇವರಿಗೆ ಪ್ರಿಯನಾದವ, ಬೇರೆ ಕಡೆ ಹೆಸರಿಲ್ಲ, ಇಲ್ಲಿ ಹೆಸರು ಇದೆ.

“ಏನ್ ಚೊಲೋ ಹೇಳ್ತೀರ್ರಿ!” ಎಂದ ಸಂಗನಬಸವ. “ನಮ್ಮ ಲಿಂಗಸೂಗೂರಿನ ಸ್ಕೂಲ್ ಹುಡುಗರನ್ನ ಕಳಸ್ತೀನಿ. ನಿಮ್ಮ ಹೆಸರೇನ್ರಿ?”

ಅದೇ ಗಳಿಗೆ. ಬೀರಲಿಂಗ ಎಂದು ಅವನೇ ಹೇಳಿ ಮುಗಿಸಬಹುದಿತ್ತು. ನಾಲ್ಕು ಅಕ್ಷರ. ಹೇಳಲಿಲ್ಲ.

“ಟೀಚರ್‌ಗೆ ಗೊತ್ತೈತ್ರಿ,” ಎಂದ. “ಅವರನ್ನ ಕೇಳ್ರಿ.”

ಜಂಬಮ್ಮ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು. ಆದೆಪ್ಪ ತಲೆಯೆತ್ತಿ ಮಗಳನ್ನು ನೋಡಿದ. ಬೀರಲಿಂಗನೂ ನೋಡಿದ, ಬೇಡಿಕೊಳ್ಳುವವನ ಹಾಗೆ ನೋಡಿದ. ಸುಮ್ಮನಿರು. ಒಂದು ನಿಮಿಷ ಸುಮ್ಮನಿದ್ದುಬಿಡು.

ದಾನೇಶ್ವರಿ ಅವನ ಮುಖವನ್ನೇ ನೋಡಿದಳು. ಆ ಎಡಗೆನ್ನೆ, ಬೋಳಿಸುವಾಗ ಕೊಯ್ದುಕೊಂಡ ಗಾಯ, ಇಸ್ತ್ರಿಯ ಗೆರೆ, ಎಲ್ಲವನ್ನೂ ನಿಧಾನಕ್ಕೆ ನೋಡಿ ಮುಗಿಸಿದಳು. ಇನ್ನು ನೋಡುವುದಿಲ್ಲ ಎನ್ನುವವರು ಹಾಗೆ ನೋಡುತ್ತಾರೆ. ಆಮೇಲೆ ಸಂಗನಬಸವನ ಕಡೆ ತಿರುಗಿ, ಒಂದು ಅಕ್ಷರವೂ ತೊದಲದೆ ಹೇಳಿದಳು:

“ಬೀರಲಿಂಗ. ಬೀರಲಿಂಗ ಅಂತ ಇವರ ಹೆಸರು. ಪುಸ್ತಕಕ್ಕ ಫೋಟೋ ತೆಗೆದುಕೊಟ್ಟಿದ್ರು.”

ಏನೂ ಅರಿಯದ ಅಮರೇಶ್ವರಿ ಖಿಲ್ಲನೆ ನಕ್ಕಳು. “ಎಲ್ಲಾರ ಹೆಸರು ಬರೋಬರಿ ಹೇಳ್ತೀಯಲ್ಲವಾ! ಹಂಗಾದ್ರ ನಮ್ಮ ಮೈದುನನ ಹೆಸರು ಹೇಳು ನೋಡೂಣು. ಒಡಪು ಕಟ್ಟಿ ಹೇಳು.”

ಬೀರಲಿಂಗನೊಳಗೆ ಏನೋ ಒಂದು ಕಿಡಿ ಮಿಸುಕಿತು. ಈಗ ನಾಚುತ್ತಾಳೆಯೇ? ತಲೆ ತಗ್ಗಿಸುತ್ತಾಳೆಯೇ?

“ಸಂಗನಬಸವ,” ಎಂದಳು ದಾನೇಶ್ವರಿ, ಅಷ್ಟೇ ಸಲೀಸಾಗಿ.

“ಅಯ್ಯ ಶಿವನ! ಈಗಿನ ಹುಡುಗ್ಯಾರಿಗೆ ನಾಚಿಕಿ ಅನ್ನೋದ ಇಲ್ಲ,” ಎಂದು ಅಮರೇಶ್ವರಿ ಅವಳ ಗಲ್ಲ ಹಿಂಡಿದಳು. ಎಲ್ಲರೂ ನಕ್ಕರು. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಅವಳು ಎರಡು ಹೆಸರು ಕೂಗಿದ್ದಳು. ಹೇಳಬಾರದ ಹೆಸರೆಂಬುದು ಅವಳೊಳಗೆ ಒಂದೂ ಉಳಿದಿರಲಿಲ್ಲ. ತನ್ನದು ಹೋಯಿತೆಂಬುದಕ್ಕಿಂತ ಅದನ್ನೇ ಬೀರಲಿಂಗನಿಗೆ ತಡೆಯಲಾಗಲಿಲ್ಲ.

ಹೋಗುವಾಗ ಆದೆಪ್ಪ ಒಂದು ಗಳಿಗೆ ಗೇಟಿನಲ್ಲಿ ನಿಂತ. “ತಮ್ಮಾ...” ಎಂದವನು ಕಾರಿನ ಕಡೆ ನಡೆದ. ಕಾರುಗಳು ತಿರುಗಿದವು, ಒಂದು ಲಿಂಗಸೂಗೂರಿಗೆ, ಒಂದು ಸಿಂಧನೂರಿಗೆ. ಅವಳು ಹಿಂತಿರುಗಿ ನೋಡಿದಳೋ ಇಲ್ಲವೋ, ಕಾರಿನ ಗಾಜು ಕಪ್ಪಗಿತ್ತು, ಗೊತ್ತಾಗಲಿಲ್ಲ. ಮುಂದಿನ ತಿಂಗಳು ಅಕ್ಕತಂಗಿಯರಿಬ್ಬರ ಮದುವೆಯೂ ಒಂದೇ ಪೆಂಡಾಲಿನಲ್ಲಿ ಆಯಿತೆಂದು ಯಾರೋ ಹೇಳಿದರು.

ಬೀರಲಿಂಗ ಕೆಲಸ ಬಿಡಲಿಲ್ಲ. ಎಲ್ಲಿಗೆ ಹೋಗಬೇಕು? ದಿನಾ ಗೇಟು ತೆರೆಯುತ್ತಾನೆ, ಅದೇ ಮಾತು ಹೇಳುತ್ತಾನೆ. ಬೇರೆ ಕಡೆ ಹೆಸರು ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಗೊತ್ತಿಲ್ರಿ ಎನ್ನುತ್ತಾನೆ. ಊಟದ ಬಿಡುವಿನ ಹೊತ್ತಿಗೆ ಸರಿಯಾಗಿ ಫೋನನ್ನು ಒಮ್ಮೆ ತೆಗೆದು ನೋಡಿ ಕಿಸೆಗೆ ಹಾಕಿಕೊಳ್ಳುತ್ತಾನೆ.

ಮೊನ್ನೆ ಜವಳಗೇರಾದಿಂದ ಮುದುಕ ಮುದುಕಿ ಬಂದಿದ್ದರು. ಮಲ್ಲಯ್ಯನಿಗೆ ಕಾಯಿ ಒಡೆಸಿಕೊಂಡು, ಹಂಗೇ ಕಲ್ಲು ನೋಡಿ ಹೋಗೋಣವೆಂದು ಬಂದವರು. ಮುದುಕನಿಗೆ ಕಿವಿ ಮಂದ. ಬಂಡೆಯ ನೆರಳಲ್ಲಿ ಬೆನ್ನು ಮಾಡಿ ಕೂತು ಚೀಲದಲ್ಲಿ ಎಲೆಯಡಿಕೆ ಹುಡುಕುತ್ತಿದ್ದ. ಬೀರಲಿಂಗ ವಿಸಿಟರ್ಸ್ ಬುಕ್ ತೆರೆದ. ಮುದುಕಿ ತನ್ನ ಹೆಸರು ಗ್ಯಾನಮ್ಮ ಎಂದು ಬರೆಸಿದಳು.

“ಯಜಮಾನರ ಹೆಸರೇನಬೇ ಯವ್ವಾ?”

ಎಪ್ಪತ್ತು ದಾಟಿದ ಗ್ಯಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸುಕ್ಕುಗಟ್ಟಿದ ಮುಖವೆಲ್ಲ ನಾಚಿ ಅರಳಿತು. “ಅವರನ್ನ ಕೇಳಪ್ಪಾ,” ಎಂದಳು.

“ಅವರಿಗೆ ಕೇಳಸಂಗಿಲ್ಲಲ್ಲಬೇ. ನೀನ ಹೇಳು.”

“ಅಯ್ಯ, ನಾ ಹೆಂಗ ಹೇಳಲಿ? ತಡಿ, ಎಲಿ ಹಾಕ್ಕೊಂಡು ಎದ್ದು ಬರ್ತಾರ.”

ಬೀರಲಿಂಗ ಖಾಲಿ ಸಾಲಿನ ಮೇಲೆ ಪೆನ್ನು ಇಟ್ಟುಕೊಂಡು ಕಾಯುತ್ತ ನಿಂತ. ಅವನಿಗೆ ಅವಸರವೇನೂ ಇರಲಿಲ್ಲ.